ಮಬ್ಬು ಬೆಳಕಿನ ಸಂಗೀತ ಸಭೆಗಳಲ್ಲಿ ವೈರ್‌ಲೆಸ್ ಫ್ಲ್ಯಾಶ್: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸುತ್ತಮುತ್ತ ಬೈಠಕ್, ರಸಮಂಜರಿ, ಕಾಲೇಜು ಉತ್ಸವ, ಜಾತ್ರೆಯ ವೇದಿಕೆಗಳಲ್ಲಿ ಫೋಟೊ ತೆಗೆಯುವವರಿಗಾಗಿ ಈ ಪುಟ. ಕ್ಯಾಮೆರಾದ ತಲೆಯ ಮೇಲೆ ಕೂರುವ ಫ್ಲ್ಯಾಶನ್ನು ಕಳಚಿ, ದೂರದಲ್ಲಿಟ್ಟು, ಕ್ಯಾಮೆರಾದ ಮೇಲೆ ಕೂತು ರೇಡಿಯೊ ಸನ್ನೆ ಕಳಿಸುವ ಟ್ರಿಗರ್‌ನಿಂದ ಹೊಡೆಸುವುದಷ್ಟೇ ಇಲ್ಲಿಯ ವಿಷಯ. ಕ್ಯಾಮೆರಾದ ಮ್ಯಾನುವಲ್ ಮೋಡ್ ನಿಮಗೆ ರೂಢಿ ಇದೆ ಎಂದುಕೊಂಡು ಬರೆದಿದ್ದೇವೆ.

ಈಗಿನ ಕ್ಯಾಮೆರಾ ಐಎಸ್‌ಒ 6400ಕ್ಕೂ ಚಲೋ ಫೋಟೊ ಕೊಡ್ತಾವ. ಮತ್ತ ಫ್ಲ್ಯಾಶ್ ಯಾಕ ಬೇಕ್ರಿ?

ಎಷ್ಟೋ ಕಾರ್ಯಕ್ರಮಗಳಿಗೆ ಬೇಡವೇ ಬೇಡ. ಲೈಟಿನವರು ಮುಂದಿನಿಂದ ಓರೆಯಾಗಿ ಎರಡು ಒಳ್ಳೆಯ ದೀಪ ಹಾಕಿದ್ದರೆ ಎಫ್ 1.8 ಲೆನ್ಸ್ ಸಾಕು, ಫ್ಲ್ಯಾಶ್ ಬ್ಯಾಗಿನಲ್ಲೇ ಇರಲಿ. ಕಷ್ಟ ಶುರುವಾಗುವುದು ಬೆಳಕು ತಪ್ಪು ದಿಕ್ಕಿನಿಂದ ಬಂದಾಗ. ನೆತ್ತಿಯ ಮೇಲೆ ಒಂದೇ ಸಾಲು ದೀಪ ಇದ್ದರೆ ಕಣ್ಣಿನ ಗುಳಿ ಕಪ್ಪಾಗುತ್ತದೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ. ಕಪ್ಪು ಪರದೆಯ ಮುಂದೆ ಕಪ್ಪು ಕೂದಲು, ಗಾಢ ಬಣ್ಣದ ಕೋಟು ಕರಗಿಹೋಗಿ ಬರೀ ಮುಖ ಮತ್ತು ಕೈ ತೇಲುತ್ತವೆ. ರಸಮಂಜರಿ ವೇದಿಕೆಯಲ್ಲಿ ಎಲ್‌ಇಡಿ ಪಾರ್ ದೀಪಗಳು ಹಾಡುವವರ ಮುಖವನ್ನು ಒಮ್ಮೆ ಕೆಂಪು, ಒಮ್ಮೆ ನೇರಳೆ ಮಾಡಿ ಮೂಗು-ಗಲ್ಲದ ಉಬ್ಬುತಗ್ಗನ್ನೇ ಅಳಿಸಿಬಿಡುತ್ತವೆ.

ಐಎಸ್‌ಒ ಏರಿಸಿದರೆ ಇದ್ದ ಬೆಳಕು ಹೆಚ್ಚಾಗಿ ಕಾಣುತ್ತದೆ, ಅದು ಬೀಳುವ ದಿಕ್ಕು ಬದಲಾಗುವುದಿಲ್ಲ. ಬದಿಯಲ್ಲೋ ಹಿಂದೆಯೋ ಇಟ್ಟ ಒಂದು ಸಣ್ಣ ಫ್ಲ್ಯಾಶ್ ಆ ದಿಕ್ಕನ್ನು ತಂದುಕೊಡುತ್ತದೆ. ವೇದಿಕೆಯ ಬೆಳಕನ್ನು ಹಾಗೇ ಉಳಿಸಿಕೊಂಡು, ಐಎಸ್‌ಒ ಎತ್ತರದಲ್ಲಿಟ್ಟು, ಫ್ಲ್ಯಾಶನ್ನು 1/32, 1/64ರಷ್ಟು ಕಡಿಮೆ ಪವರ್‌ನಲ್ಲಿ ಹೊಡೆಸುವುದು: ಈ ಪುಟದ ಬಹುತೇಕ ಉತ್ತರಗಳು ಇದೊಂದರಿಂದಲೇ ಹುಟ್ಟಿದವು.

ಫ್ಲ್ಯಾಶ್ ಹೊಡದ್ರ ಕಲಾವಿದ್ರು ಸಿಟ್ಟಾಗೂದಿಲ್ಲೇನ್ರಿ?

ಕೇಳದೆ ಹೊಡೆದರೆ ಆಗುತ್ತಾರೆ, ಆಗಲೂಬೇಕು. ಮೂರು ಕಡೆ ಕೇಳಬೇಕು: ಸಂಘಟಕರು, ಕಲಾವಿದರು, ವಿಡಿಯೊದವರು. ಮೂರನೆಯವರನ್ನು ಎಲ್ಲರೂ ಮರೆಯುತ್ತಾರೆ. ವಿಡಿಯೊ ಕ್ಯಾಮೆರಾದ ಸೆನ್ಸರ್ ಚಿತ್ರವನ್ನು ಮೇಲಿನ ಸಾಲಿನಿಂದ ಕೆಳಕ್ಕೆ ಓದುತ್ತ ಹೋಗುತ್ತದೆ. ನಡುವೆ ಫ್ಲ್ಯಾಶ್ ಹೊಡೆದರೆ ಅರ್ಧ ಚೌಕಟ್ಟು ಬಿಳಿ, ಅರ್ಧ ಮಾಮೂಲು. ನೇರ ಪ್ರಸಾರ ಇದ್ದರೆ ಅದನ್ನು ತಿದ್ದುವ ದಾರಿಯೇ ಇಲ್ಲ. ಅವರು ಬೇಡ ಅಂದರೆ ವಾದ ಮಾಡಬೇಡಿ, ಫ್ಲ್ಯಾಶ್ ತೆಗೆದಿಡಿ.

ಹಿಂದೂಸ್ತಾನಿ ಬೈಠಕ್‌ನಲ್ಲಿ ಯಾವಾಗ ಹೊಡೆಯಬೇಕು ಎಂಬುದು ಎಲ್ಲಿ ಇಡಬೇಕು ಎನ್ನುವಷ್ಟೇ ದೊಡ್ಡ ಪ್ರಶ್ನೆ. ಆಲಾಪಕ್ಕೆ ಬೇಡ. ವಿಲಂಬಿತದ, ಅಂದರೆ ನಿಧಾನ ಲಯದ, ಮೊದಲ ಆವರ್ತನಗಳಲ್ಲೂ ಬೇಡ. ಆಗ ಗಾಯಕರು ಕಣ್ಣು ಮುಚ್ಚಿರುತ್ತಾರೆ, ಸಭೆಯೂ ಹಾಗೇ ಇರುತ್ತದೆ. ವೇಗದ ಲಯದ ದ್ರುತ್ ಶುರುವಾಗಿ ತಾನುಗಳು ಬರತೊಡಗಿದ ಮೇಲೆ, ತಿಹಾಯಿ (ಒಂದೇ ತುಣುಕು ಮೂರು ಸಲ ಬರುವುದು) ಮುಗಿದು ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದು ಬಿದ್ದ ಗಳಿಗೆಯಲ್ಲಿ ಒಂದು ಹೊಡೆದರೆ ಯಾರಿಗೂ ಹೊರೆಯಾಗದು. ಕೈ ಮೇಲೆದ್ದಿರುತ್ತದೆ, ತಬಲಾದವರೂ ಗಾಯಕರೂ ಒಬ್ಬರನ್ನೊಬ್ಬರು ನೋಡುತ್ತಿರುತ್ತಾರೆ, ಫೋಟೊಕ್ಕೂ ಅದೇ ಒಳ್ಳೆಯ ಗಳಿಗೆ. ತಾಳ ಎಣಿಸಲು ಬಾರದವರು ಫ್ಲ್ಯಾಶ್ ತರುವ ಮೊದಲು ತೀನ್‌ತಾಲ್ ಎಣಿಸಲು ಕಲಿಯುವುದು ಲೇಸು.

ದೊಡ್ಡ ಪಾಪ್, ರಾಕ್ ಕಾರ್ಯಕ್ರಮಗಳಲ್ಲಿ ಮೊದಲ ಮೂರು ಹಾಡಿಗೆ ಮಾತ್ರ ಫೋಟೊ, ಫ್ಲ್ಯಾಶ್ ಇಲ್ಲವೇ ಇಲ್ಲ ಎಂಬ ಕಟ್ಟಳೆ ಜಗತ್ತಿನಾದ್ಯಂತ ರೂಢಿಯಲ್ಲಿದೆ. ಹೊರಗಿನ ದೊಡ್ಡ ತಂಡ ಕಾಲೇಜು ಉತ್ಸವಕ್ಕೆ ಬಂದಾಗ ಅದೇ ಕಟ್ಟಳೆ ಹೇಳಿದರೆ ಬೇಜಾರು ಬೇಡ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಪರಂಪರೆಯಲ್ಲಿ ದೃಷ್ಟಿ ಇಲ್ಲದ ಕಲಾವಿದರು ಬಹಳ. ಅವರಿಗೆ ಫ್ಲ್ಯಾಶ್ ಕಾಣದು ಎಂದು ಸಲಿಗೆ ತೆಗೆದುಕೊಳ್ಳಬೇಡಿ. ಕೆಲವರಿಗೆ ಬೆಳಕಿನ ಅರಿವು ಇರುತ್ತದೆ, ಶಟರ್ ಸದ್ದು ಎಲ್ಲರಿಗೂ ಕೇಳುತ್ತದೆ. ಕಾರ್ಯಕ್ರಮಕ್ಕೆ ಮೊದಲು ಹತ್ತಿರ ಹೋಗಿ, ಎಲ್ಲಿ ಕೂರುತ್ತೇವೆ, ಯಾವ ಸದ್ದು ಬರುತ್ತದೆ ಎಂದು ಬಾಯಿಬಿಟ್ಟು ಹೇಳಿ.

ಸರಸರ ಬರ್ಸ್ಟ್ ಹೊಡೆಯುವುದು ಯಾವ ಸಭೆಯಲ್ಲೂ ಸಲ್ಲದು. ಮಿಣುಕುವ ಬೆಳಕಿನಿಂದ ಮೂರ್ಛೆ ಬರುವವರು ಸಭಿಕರಲ್ಲಿ ಇರಬಹುದು.

ಏನೇನು ಸಾಮಾನು ಬೇಕು?

ಮ್ಯಾನುವಲ್ ಫ್ಲ್ಯಾಶ್ ಒಂದು, ನಿಮ್ಮ ಕ್ಯಾಮೆರಾ ಕಂಪನಿಗೆ ಹೊಂದುವ ಟ್ರಿಗರ್ ಒಂದು. ನಮ್ಮ ಕಡೆ ಮದುವೆ ಫೋಟೊದವರ ಬಳಿ ಹೆಚ್ಚಾಗಿ ಗೋಡಾಕ್ಸ್ ಇರುವುದರಿಂದ ಅದೇ ಹಿಡಿದರೆ ಬಾಡಿಗೆಗೆ, ಕೈಗಡಕ್ಕೆ ಅನುಕೂಲ. ಟಿಟಿ600 ಫ್ಲ್ಯಾಶ್‌ನೊಳಗೆ ರೇಡಿಯೊ ರಿಸೀವರ್ ಇದ್ದೇ ಇದೆ, ಬೇರೆ ಕೊಳ್ಳಬೇಕಿಲ್ಲ. ಟ್ರಿಗರ್ ಎಕ್ಸ್‌2ಟಿ ಅಥವಾ ಎಕ್ಸ್‌ಪ್ರೊ. ಹೆಸರಿನ ಕೊನೆಯ ಅಕ್ಷರ ನೋಡಿ ಕೊಳ್ಳಿ: ಸಿ ಎಂದರೆ ಕ್ಯಾನನ್, ಎನ್ ನಿಕಾನ್, ಎಸ್ ಸೋನಿ, ಎಫ್ ಫ್ಯೂಜಿ. ಟಿಟಿಎಲ್ (ಬೆಳಕನ್ನು ಅಳೆದು ಪವರ್ ತಾನೇ ಹೊಂದಿಸುವ ಏರ್ಪಾಡು) ಇರುವ ದುಬಾರಿ ಫ್ಲ್ಯಾಶ್ ಈ ಕೆಲಸಕ್ಕೆ ಬೇಕಾಗಿಲ್ಲ. ಉಳಿದ ದುಡ್ಡಿಗೆ ಎರಡನೇ ಫ್ಲ್ಯಾಶ್ ತನ್ನಿ.

ಆಮೇಲೆ ಸಣ್ಣಪುಟ್ಟವು. ಕಂಬಿಗೆ ಕಚ್ಚುವ ಸೂಪರ್ ಕ್ಲ್ಯಾಂಪ್, ಅದರ ಮೇಲೆ ಫ್ಲ್ಯಾಶ್ ಬಾಗಿಸಲು ಒಂದು ಬಾಲ್ ಹೆಡ್, ಜಾರಿ ಬಿದ್ದರೆ ಹಿಡಿಯಲು ಉಕ್ಕಿನ ಸೇಫ್ಟಿ ವೈರ್. ಸ್ಟ್ಯಾಂಡ್ ಬಳಸುವುದಾದರೆ ಅದರ ಕಾಲಿಗೆ ಮರಳಿನ ಚೀಲ. ಅಂಟು ಉಳಿಸದ ಬಟ್ಟೆಯ ಗ್ಯಾಫರ್ ಟೇಪ್; ಸೆಲ್ಲೊ ಟೇಪ್ ಶಾಖಕ್ಕೆ ಬಿಡುತ್ತದೆ, ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಬೆಳಕು ಅಡ್ಡಾದಿಡ್ಡಿ ಚೆಲ್ಲದಂತೆ ತಡೆಯಲು ಕಪ್ಪು ಫೋಮ್ ಹಾಳೆ, ಅದನ್ನು ಫ್ಲ್ಯಾಶ್ ತಲೆಗೆ ಸುತ್ತಲು ರಬ್ಬರ್ ಬ್ಯಾಂಡ್. ಈ ಫೋಮ್ ಹಾಳೆಯನ್ನು ಮರೆತು ಹೋಗಬೇಡಿ. ಹಿಂದಿನ ಫ್ಲ್ಯಾಶ್ ನಿಮ್ಮ ಲೆನ್ಸಿಗೇ ಬಡಿದು ಚಿತ್ರ ಹಾಲಿನಂತೆ ಬೆಳ್ಳಗಾದಾಗ ಅದೊಂದೇ ಕಾಪಾಡುತ್ತದೆ. ಛತ್ರಿ, ಸಾಫ್ಟ್‌ಬಾಕ್ಸ್ ಬೇಡ: ಹಿಂದೆ ಕೂತವರಿಗೆ ಅಡ್ಡ, ಪೆಂಡಾಲಿನ ಗಾಳಿಗೆ ಹಾರುತ್ತವೆ.

ಟ್ರಿಗರ್ ಹಾಕಿದ್ರೂ ನನ್ನ ಕ್ಯಾಮೆರಾದಾಗ ಫ್ಲ್ಯಾಶ್ ಹೊಡಿಯಂಗೇ ಇಲ್ಲ. ಟ್ರಿಗರ್ ಕೆಟ್ಟೈತೇನ್ರಿ?

ಮೊದಲು ಹಾಟ್ ಶೂ, ಅಂದರೆ ಕ್ಯಾಮೆರಾದ ತಲೆಯ ಮೇಲೆ ಟ್ರಿಗರ್ ಕೂರುವ ಜಾಗ, ನೋಡಿ. ಕ್ಯಾನನ್ 1500ಡಿ, 3000ಡಿ, 200ಡಿ ಮಾರ್ಕ್ 2 ಕ್ಯಾಮೆರಾಗಳ ಹಾಟ್ ಶೂನಲ್ಲಿ ನಡುವಿನ ದೊಡ್ಡ ಪಿನ್ ಇಲ್ಲ. ಒಂದೇ ಪಿನ್ನಿನ ಅಗ್ಗದ ಟ್ರಿಗರ್ ಇವುಗಳ ಮೇಲೆ ಎಂದಿಗೂ ಕೆಲಸ ಮಾಡದು. ಕ್ಯಾನನ್‌ಗೆಂದೇ ಮಾಡಿದ, ಫರ್ಮ್‌ವೇರ್ ಹೊಸದಾಗಿರುವ ಟ್ರಿಗರ್ ಬೇಕು. ಕ್ಯಾನನ್ ಆರ್50ಕ್ಕೆ ಹಳೆಯ ನಮೂನೆಯ ಟ್ರಿಗರ್ ಹಾಕಲು ಎಡಿ-ಇ1 ಅಡಾಪ್ಟರ್ ಬೇಕು. ಸೋನಿ ಜೆಡ್‌ವಿ-ಇ10 ಮಾರ್ಕ್ 2ರಲ್ಲಿ ಮೆಕ್ಯಾನಿಕಲ್ ಶಟರ್ ಇಲ್ಲದ್ದರಿಂದ ಫ್ಲ್ಯಾಶ್ ಕೆಲಸವೇ ಇಲ್ಲ.

ಶೂ ಸರಿ ಇದ್ದರೆ ಶಟರ್ ಸೈಲೆಂಟ್ ಮೋಡ್‌ನಲ್ಲಿದೆಯೇ ನೋಡಿ. ಬಹುತೇಕ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಎಲೆಕ್ಟ್ರಾನಿಕ್ ಶಟರ್ ಹಾಕಿದ ಕೂಡಲೇ ಫ್ಲ್ಯಾಶ್ ಬಂದ್ ಆಗುತ್ತದೆ. ಬೈಠಕ್‌ನಲ್ಲಿ ಇದು ನಿಜವಾದ ಪೇಚು: ಸದ್ದಿಲ್ಲದೆ ತೆಗೆಯಬೇಕೆಂದರೆ ಫ್ಲ್ಯಾಶ್ ಇಲ್ಲ, ಫ್ಲ್ಯಾಶ್ ಬೇಕೆಂದರೆ ಸದ್ದು. ಎರಡು ಕಸ್ಟಮ್ ಮೋಡ್ ಮಾಡಿಟ್ಟುಕೊಳ್ಳಿ. ಒಂದರಲ್ಲಿ ಸೈಲೆಂಟ್, ಇನ್ನೊಂದರಲ್ಲಿ ಮೆಕ್ಯಾನಿಕಲ್ ಶಟರ್. ಆಲಾಪಕ್ಕೆ ಮೊದಲನೆಯದು, ದ್ರುತ್‌ಗೆ ಎರಡನೆಯದು.

ಫ್ಲ್ಯಾಶ್ ಎಲ್ಲಿ ಇಡಬೇಕು?

ಒಂದೇ ಇದ್ದರೆ ಕಲಾವಿದರ ಹಿಂದೆ, ಒಂದು ಬದಿಗೆ, ತಲೆಗಿಂತ ಎತ್ತರದಲ್ಲಿ. ಮುಂದಿನಿಂದ ವೇದಿಕೆಯ ದೀಪ ಹೇಗೂ ಇದೆ. ಹಿಂದಿನ ಫ್ಲ್ಯಾಶ್ ಕೂದಲು, ಭುಜ, ತಂಬೂರಿಯ ಕೊಡದ ಅಂಚಿಗೆ ಗೆರೆ ಎಳೆದು ಕಪ್ಪು ಪರದೆಯಿಂದ ಬಿಡಿಸುತ್ತದೆ. ಎರಡನೆಯದು ಇದ್ದರೆ ಮುಂದೆ, ಎದುರು ಬದಿಯಿಂದ, ಸುಮಾರು 45 ಡಿಗ್ರಿ ಓರೆಯಲ್ಲಿ. ಹಿಂದಿನದು ಎ ಗುಂಪು, ಮುಂದಿನದು ಬಿ ಗುಂಪು ಎಂದು ಟ್ರಿಗರ್‌ನಲ್ಲಿ ಬೇರೆ ಬೇರೆ ಇಡಿ. ಆಗ ಕೂತಲ್ಲೇ ಒಂದನ್ನು ಬಂದ್ ಮಾಡಬಹುದು, ಒಂದರ ಪವರ್ ಇಳಿಸಬಹುದು.

ಧಾರವಾಡದ ಸೃಜನಾ ರಂಗಮಂದಿರ, ಹುಬ್ಬಳ್ಳಿಯ ಸವಾಯಿ ಗಂಧರ್ವ ಕಲಾಮಂದಿರದಂಥ ರಂಗಮಂದಿರಗಳಲ್ಲಿ ಸೈಡ್ ವಿಂಗ್ (ವೇದಿಕೆಯ ಬದಿಯ ಪರದೆಗಳ ಮರೆ) ಅತಿ ಸುಲಭದ ಜಾಗ. ಎರಡನೇ ವಿಂಗ್‌ನ ಪರದೆಯ ಹಿಂದೆ ಸ್ಟ್ಯಾಂಡ್ ಇಟ್ಟು, ಎರಡೂವರೆ ಮೀಟರ್ ಎತ್ತರಿಸಿ, ಫ್ಲ್ಯಾಶ್ ಗಾಯಕರ ಕಿವಿಯ ಹಿಂದಕ್ಕೆ ಮುಖ ಮಾಡಿರಲಿ. ಸಭಿಕರಿಗೆ ಸ್ಟ್ಯಾಂಡ್ ಕಾಣಬಾರದು, ಸಾಥ್ ಕೊಡುವವರ ಕಣ್ಣಿಗೆ ಫ್ಲ್ಯಾಶ್ ನೇರ ಹೊಡೆಯಬಾರದು. ಖಾಲಿ ವೇದಿಕೆಯಲ್ಲಿ ಪೇಟಿ (ಹಾರ್ಮೋನಿಯಂ) ಬಾರಿಸುವವರ ಜಾಗದಲ್ಲಿ, ತಬಲಾದವರ ಜಾಗದಲ್ಲಿ ನೀವೇ ಕೂತು ಫ್ಲ್ಯಾಶ್ ಕಡೆ ನೋಡಿ. ಅದರ ಮುಖದ ಗಾಜು ಕಂಡರೆ ಜಾಗ ಬದಲಿಸಿ ಅಥವಾ ಫೋಮ್ ಹಾಳೆ ಅಡ್ಡ ಹಿಡಿಸಿ. ಮೇಲಿನ ದೀಪದ ಕಂಬಿಗೆ ಕಟ್ಟುವುದಾದರೆ ಲೈಟಿನವರೇ ಕಟ್ಟಲಿ, ಸೇಫ್ಟಿ ವೈರ್ ಇಲ್ಲದೆ ಬೇಡವೇ ಬೇಡ. ಫ್ಲ್ಯಾಶ್, ಸೆಲ್ಲು, ಕ್ಲ್ಯಾಂಪ್ ಸೇರಿ ಮುಕ್ಕಾಲು ಕಿಲೊ ದಾಟುತ್ತದೆ, ಕೆಳಗೆ ಜನ ಕೂತಿರುತ್ತಾರೆ.

ಬಾಲ್ಕನಿ ಇದ್ದರೆ ಅದರ ಕಂಬಿಗೆ ಕ್ಲ್ಯಾಂಪ್ ಹಾಕಿ ಮುಂದಿನ ಫ್ಲ್ಯಾಶ್ ಕಟ್ಟಬಹುದು. ದೂರ 12-15 ಮೀಟರ್ ಆದೀತು. ಫ್ಲ್ಯಾಶ್ ತಲೆಯನ್ನು 105 ಎಂಎಂ ಜೂಮ್‌ಗೆ ಇಟ್ಟರೆ ಬೆಳಕು ಕಿರಿದಾಗಿ ವೇದಿಕೆಯ ಮೇಲಷ್ಟೇ ಬೀಳುತ್ತದೆ, ಮುಂದಿನ ಸಾಲಿನ ತಲೆಗಳು ಬೆಳಗುವುದಿಲ್ಲ.

ಕುಂದಗೋಳದ ನಾಡಗೀರ ವಾಡೆಯಂಥ ಹಳೆಯ ಮರದ ಕಟ್ಟಡದಲ್ಲಿ ಕ್ಲ್ಯಾಂಪ್ ಬಳಸಲೇಬೇಡಿ. ಕಂಬದ ಕೆತ್ತನೆಗೆ ಕಲೆ ಬಿದ್ದರೆ ಹೋಗುವುದಿಲ್ಲ. ಅಲ್ಲಿ ಸಣ್ಣ ಸ್ಟ್ಯಾಂಡ್, ಮೂಲೆಯಲ್ಲಿ, ಜನ ಓಡಾಡದ ಕಡೆ. ಕೇಳುಗರು ನೆಲದ ಮೇಲೆ ಒತ್ತೊತ್ತಾಗಿ ಕೂತಿರುವಲ್ಲಿ ಸ್ಟ್ಯಾಂಡಿನ ಕಾಲು ಚಾಚಲು ಜಾಗ ಇಲ್ಲದಿದ್ದರೆ ಫ್ಲ್ಯಾಶ್ ಆಸೆ ಬಿಡಿ.

ಕಲ್ಯಾಣ ಮಂಟಪ, ಮಠದ ಸಭಾಭವನಗಳಲ್ಲಿ ಛಾವಣಿ ಬೆಳ್ಳಗೆ, ತಗ್ಗಾಗಿ ಇದ್ದರೆ ಫ್ಲ್ಯಾಶನ್ನು ವೇದಿಕೆಯ ಮೂಲೆಯ ಛಾವಣಿಗೆ ಹೊಡೆಸಿ. 1/8 ಪವರ್ ಬೇಕಾದೀತು, ಆದರೆ ಬೆಳಕು ಮೆತ್ತಗೆ ಇಳಿಯುತ್ತದೆ, ಯಾರ ಕಣ್ಣಿಗೂ ಚುಚ್ಚದು. ಛಾವಣಿಗೆ ತಿಳಿ ಹಸಿರು ಅಥವಾ ಗುಲಾಬಿ ಬಣ್ಣ ಬಳಿದಿದ್ದರೆ ಮುಖಕ್ಕೂ ಅದೇ ಬಣ್ಣ ಬರುತ್ತದೆ. ನಮ್ಮ ಕಡೆ ಬಳಿದಿರುವುದೇ ಹೆಚ್ಚು.

ಪವರ್ ಎಷ್ಟು ಇಡಬೇಕು ಅಂತ ಹೆಂಗ ಗೊತ್ತಾಗ್ತದ?

ಮೊದಲು ಫ್ಲ್ಯಾಶ್ ಮರೆತುಬಿಡಿ. ಟ್ರಿಗರ್ ಬಂದ್ ಮಾಡಿ ವೇದಿಕೆಯ ಬೆಳಕಿಗೆ ಮಾತ್ರ ಎಕ್ಸ್‌ಪೋಶರ್ ಹೊಂದಿಸಿ. ಐಎಸ್‌ಒ 1600, ಎಫ್ 4, 1/100ರಿಂದ ಶುರು ಮಾಡಿ. ಕತ್ತಲಾದರೆ ಐಎಸ್‌ಒ 3200ಕ್ಕೆ ಏರಿಸಿ, ಇಲ್ಲವೇ ಎಫ್ 2.8ಕ್ಕೆ ತೆರೆಯಿರಿ. ಹಿಂದಿನಿಂದ ಫ್ಲ್ಯಾಶ್ ಬರುವುದಾದರೆ ಮುಖ ಸರಿಯಾಗಿ ಕಾಣುವವರೆಗೆ ಹೊಂದಿಸಿ. ಮುಂದಿನಿಂದಲೂ ಬರುವುದಾದರೆ ಮುಖವನ್ನು ಒಂದು ಸ್ಟಾಪ್ (ಅಂದರೆ ಅರ್ಧ ಬೆಳಕಿನಷ್ಟು) ಕಪ್ಪಾಗಿಯೇ ಬಿಡಿ, ಕೊರತೆಯನ್ನು ಫ್ಲ್ಯಾಶ್ ತುಂಬುತ್ತದೆ.

ಈಗ ಲೆಕ್ಕ. ಗೈಡ್ ನಂಬರ್ ಎಂದರೆ ಫ್ಲ್ಯಾಶ್‌ನ ಬಲದ ಅಳತೆ; ಅದನ್ನು ದೂರದ ಮೀಟರ್‌ನಿಂದ ಭಾಗಿಸಿದರೆ ಬೇಕಾದ ಎಫ್ ಸಂಖ್ಯೆ ಸಿಗುತ್ತದೆ. ಟಿಟಿ600ರಂಥ ಫ್ಲ್ಯಾಶ್‌ಗೆ ತಲೆಯ ಜೂಮ್ 70 ಎಂಎಂ ಇದ್ದಾಗ, ಐಎಸ್‌ಒ 100ರಲ್ಲಿ, ಪೂರ್ತಿ ಪವರ್‌ಗೆ ಗೈಡ್ ನಂಬರ್ ಸುಮಾರು 50 ಎಂದು ಹಿಡಿಯಿರಿ. ಐಎಸ್‌ಒ 1600 ಎಂದರೆ ನಾಲ್ಕು ಸ್ಟಾಪ್ ಹೆಚ್ಚು, ಗೈಡ್ ನಂಬರ್ ನಾಲ್ಕು ಪಟ್ಟಾಗಿ 200. ಪವರ್ 1/64 ಎಂದರೆ ಆರು ಸ್ಟಾಪ್ ಕಡಿಮೆ, ಎಂಟರಿಂದ ಭಾಗಿಸಿದರೆ 25. ಫ್ಲ್ಯಾಶ್‌ನಿಂದ ಕಲಾವಿದರಿಗೆ ಆರು ಮೀಟರ್ ಇದ್ದರೆ 25 ಭಾಗ 6, ಹತ್ತಿರ ಹತ್ತಿರ ಎಫ್ 4. ಅಂದರೆ ಆರು ಮೀಟರ್ ದೂರದಿಂದ 1/64 ಪವರ್ ಸಾಕು. ಬಾಲ್ಕನಿಯಿಂದ 12 ಮೀಟರ್ ಎಂದರೆ ದೂರ ಎರಡು ಪಟ್ಟು, ಬೆಳಕು ಕಾಲು ಭಾಗ, ಆದ್ದರಿಂದ 1/16. ತಲೆಯನ್ನು 105 ಎಂಎಂಗೆ ಜೂಮ್ ಮಾಡಿದರೆ ಅರ್ಧ ಸ್ಟಾಪ್‌ನಷ್ಟು ಉಳಿತಾಯ. ಇಲ್ಲಿ ಎಣಿಸುವ ದೂರ ಫ್ಲ್ಯಾಶ್‌ಗೂ ಕಲಾವಿದರಿಗೂ ನಡುವಿನದು. ನೀವು ಎಲ್ಲಿ ನಿಂತಿದ್ದೀರಿ ಎಂಬುದು ಲೆಕ್ಕಕ್ಕಿಲ್ಲ.

ಸೌಂಡ್ ಚೆಕ್ ಹೊತ್ತಿಗೆ ವೇದಿಕೆಯ ಮೇಲೆ ಯಾರನ್ನಾದರೂ ಕೂರಿಸಿ ಒಂದೆರಡು ಹೊಡೆದು ನೋಡಿ. ಹಿಂದಿನ ಫ್ಲ್ಯಾಶ್ ಕೂದಲ ಅಂಚಿನಲ್ಲಿ ಬಿಳಿ ಪಟ್ಟಿಯನ್ನೇ ಮೂಡಿಸಿದರೆ ಒಂದು ಸ್ಟಾಪ್ ಇಳಿಸಿ. ಬಿಳಿ ಕೂದಲಿನ ಹಿರಿಯ ಕಲಾವಿದರಿಗೆ ಇನ್ನೂ ಒಂದು ಸ್ಟಾಪ್ ಕಡಿಮೆ ಬೇಕು. ಬಿಳಿ ಜುಬ್ಬಾ, ಗಾಂಧಿ ಟೊಪ್ಪಿಗೆಗೂ ಹಾಗೇ.

ಆಮೇಲೆ ಬದಲಿಸಬೇಕಾದದ್ದು ಕಡಿಮೆ. ಶಟರ್ ಬದಲಿಸಿದರೆ ವೇದಿಕೆಯ ಬೆಳಕು ಮಾತ್ರ ಏರಿಳಿಯುತ್ತದೆ, ಫ್ಲ್ಯಾಶ್ ಹಾಗೇ ಇರುತ್ತದೆ. ಅಪರ್ಚರ್, ಐಎಸ್‌ಒ ಮುಟ್ಟಿದರೆ ಎರಡೂ ಬದಲಾಗುತ್ತವೆ. ಹಾಗಾಗಿ ಲೈಟಿನವರು ನಡುವೆ ದೀಪ ಇಳಿಸಿದರೆ ಕೈ ಶಟರ್ ಡಯಲ್‌ಗೆ ಹೋಗಲಿ.

ಟಿಟಿಎಲ್ ಇದ್ರ ಈ ಲೆಕ್ಕ ಎಲ್ಲಾ ತಪ್ಪತದಲ್ರಿ?

ತಪ್ಪುತ್ತದೆ, ಫೋಟೊ ಕೂಡ ತಪ್ಪುತ್ತದೆ. ಕಪ್ಪು ಪರದೆ ನೋಡಿ ಟಿಟಿಎಲ್ ಬೆಳಕು ಸಾಲದೆಂದು ತಿಳಿದು ಮುಖವನ್ನು ಸುಣ್ಣದ ಗೋಡೆ ಮಾಡುತ್ತದೆ. ಜೊತೆಗೆ ಪ್ರತಿ ಫೋಟೊಕ್ಕೂ ಮೊದಲು ಅಳತೆಗೆಂದು ಒಂದು ಹೆಚ್ಚುವರಿ ಮಿಂಚು. ಕಲಾವಿದರೂ ಫ್ಲ್ಯಾಶೂ ಕೂತ ಜಾಗದಿಂದ ಕದಲದಿರುವಾಗ ಮ್ಯಾನುವಲ್ ಸಾಕು.

ಫೋಟೊದ ಒಂದು ಭಾಗ ಕಪ್ಪಗ ಪಟ್ಟಿ ಬರ್ತದ. ಯಾಕ?

ಸಿಂಕ್ ವೇಗ, ಅಂದರೆ ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ವೇಗದ ಶಟರ್, ಮೀರಿದ್ದೀರಿ. ಶಟರ್‌ಗೆ ಎರಡು ಪರದೆ. ಒಂದು ಮಿತಿಯವರೆಗೆ ಮೊದಲನೆಯದು ಪೂರ್ತಿ ತೆರೆದ ಮೇಲೆ ಎರಡನೆಯದು ಮುಚ್ಚತೊಡಗುತ್ತದೆ. ಅದಕ್ಕಿಂತ ವೇಗವಾದರೆ ಸೆನ್ಸರ್ ಯಾವ ಗಳಿಗೆಯಲ್ಲೂ ಪೂರ್ತಿ ತೆರೆದಿರುವುದಿಲ್ಲ, ಫ್ಲ್ಯಾಶ್ ಹೊಡೆದಾಗ ಮುಚ್ಚಿದ ಭಾಗ ಕಪ್ಪು. ಬಹಳಷ್ಟು ಕ್ಯಾಮೆರಾಗಳಿಗೆ ಈ ಮಿತಿ 1/200 ಅಥವಾ 1/250, ಕ್ಯಾನನ್ 6ಡಿಗೆ 1/180. ರೇಡಿಯೊ ಟ್ರಿಗರ್ ಒಂದಿಷ್ಟು ತಡ ಮಾಡುವುದರಿಂದ 1/160 ದಾಟದಿರುವುದು ಕ್ಷೇಮ. ಕತ್ತಲ ಸಭೆಯಲ್ಲಿ ಈ ಪಟ್ಟಿ ಎಷ್ಟೋ ಸಲ ಕಣ್ಣಿಗೆ ಬೀಳದೆ, ಗಾಯಕರ ಮಡಿಲು ಮತ್ತು ಪೇಟಿಯಷ್ಟೇ ಮಂಕಾಗಿ ಕಾಣುತ್ತದೆ. ಮನೆಯಲ್ಲಿ ಬಿಳಿ ಗೋಡೆಗೆ ಹೊಡೆದು ನಿಮ್ಮ ಕ್ಯಾಮೆರಾದ ಮಿತಿ ತಿಳಿದುಕೊಳ್ಳಿ.

ಎಚ್‌ಎಸ್‌ಎಸ್ (ಹೈ ಸ್ಪೀಡ್ ಸಿಂಕ್, ಈ ಮಿತಿ ಮೀರಿಯೂ ಫ್ಲ್ಯಾಶ್ ಹೊಡೆಸುವ ಮೋಡ್) ಹಾಕಿದರೆ ಪಟ್ಟಿ ಹೋಗುತ್ತದೆ, ಜೊತೆಗೆ ಎರಡು ಸ್ಟಾಪ್‌ಗೂ ಹೆಚ್ಚು ಬೆಳಕೂ ಹೋಗುತ್ತದೆ, ಸೆಲ್ಲು ಬೇಗ ಇಳಿಯುತ್ತವೆ. ಬಿಸಿಲಿನ ಕೆಲಸಕ್ಕೆ ಮಾಡಿದ್ದು ಅದು. ಸಭಾಂಗಣದೊಳಗೆ ಬಂದ್ ಮಾಡಿಡಿ.

ಕಪ್ಪು ಪಟ್ಟಿ ಒಂದೇ ಅಲ್ಲದೆ ಚಿತ್ರದ ತುಂಬ ಅಡ್ಡಡ್ಡ ಗೆರೆಗಳು ಬಂದರೆ ಅದು ಎಲ್‌ಇಡಿ ದೀಪಗಳ ಮಿಣುಕು, ಫ್ಲ್ಯಾಶ್‌ನ ತಪ್ಪಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟಿನಂಥ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ 1/50 ಅಥವಾ 1/100 ಇಟ್ಟರೆ ಸಾಮಾನ್ಯವಾಗಿ ತೊಲಗುತ್ತದೆ.

ಮುಖ ನೀಲಿ, ಹಿಂದೆ ಎಲ್ಲ ಹಳದಿ. ಬಣ್ಣ ಹೊಂದಿಸುವುದು ಹೇಗೆ?

ಫ್ಲ್ಯಾಶ್ ಬೆಳಕು ಸುಮಾರು 5600 ಕೆಲ್ವಿನ್. ಹಳೆಯ ಹ್ಯಾಲೊಜನ್ ಪಾರ್ ದೀಪ ಸುಮಾರು 3200. ಎರಡೂ ಒಂದೇ ಚಿತ್ರದಲ್ಲಿ ಬಿದ್ದರೆ ಒಂದು ಸರಿ ಕಾಣುವಾಗ ಇನ್ನೊಂದು ತಪ್ಪು ಕಾಣುತ್ತದೆ. ಹ್ಯಾಲೊಜನ್ ಸಭೆಯಲ್ಲಿ ಫ್ಲ್ಯಾಶ್ ತಲೆಗೆ ಫುಲ್ ಸಿಟಿಒ ಜೆಲ್ (ಬೆಳಕನ್ನು ಹಳದಿಯಾಗಿಸುವ ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆ) ಅಂಟಿಸಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸ್ 3200ಕ್ಕೆ ಇಡಿ, ಪವರ್ ಒಂದು ಸ್ಟಾಪ್ ಏರಿಸಿ, ಜೆಲ್ ಅಷ್ಟು ಬೆಳಕು ನುಂಗುತ್ತದೆ. ಬಿಳಿ ಎಲ್‌ಇಡಿ ಇದ್ದರೆ ಜೆಲ್ ಬೇಡ. ಹಳದಿ, ಬಿಳಿ ಎರಡೂ ಕಲಸಿದ್ದರೆ ಹಾಫ್ ಸಿಟಿಒ ಹಾಕಿ ರಾಜಿಯಾಗಿ.

ಲೈಟಿನವರು ಜಿಲೆಟಿನ್ ಪೇಪರ್ ಎನ್ನುವುದು ಇದನ್ನೇ. ಅವರ ಬಳಿ ಕತ್ತರಿಸಿ ಉಳಿದ ತುಂಡು ಇದ್ದರೆ ಕೇಳಿ, ಫ್ಲ್ಯಾಶ್‌ಗೆ ಅಂಗೈ ಅಗಲ ಸಾಕು. ಉಡುಗೊರೆ ಸುತ್ತುವ ಬಣ್ಣದ ಕಾಗದ ಶಾಖಕ್ಕೆ ಸುರುಟುತ್ತದೆ, ಅದರ ಬಣ್ಣಕ್ಕೂ ಯಾವ ಅಳತೆ ಇಲ್ಲ.

ರಸಮಂಜರಿಯ ಬಣ್ಣದ ದೀಪಗಳ ಜೊತೆ ಹೊಂದಿಸಲು ಹೋಗಬೇಡಿ. ಅಲ್ಲಿ ಮುಂದಿನ ಫ್ಲ್ಯಾಶ್ ಜೆಲ್ ಇಲ್ಲದೆ ಮುಖಕ್ಕೆ ಮಾತ್ರ ಕಿರಿದಾಗಿ ಬೀಳಲಿ. ಮುಖ ಮುಖದ ಬಣ್ಣದಲ್ಲಿ, ಹಿಂದೆ ಹೊಗೆ ನೀಲಿ-ಕೆಂಪಿನಲ್ಲಿ ಬಂದರೆ ಅದೇ ಸೊಗಸು. ಹೊಗೆ ಯಂತ್ರ ಓಡುತ್ತಿರುವಾಗ ಮುಂದಿನ ಫ್ಲ್ಯಾಶ್ ಬಂದ್ ಮಾಡಿ, ಇಲ್ಲವಾದರೆ ಹೊಗೆಯೇ ಬೆಳ್ಳಗಾಗಿ ಹಾಡುವವರು ಮರೆಯಾಗುತ್ತಾರೆ. ಹಿಂದಿನದೊಂದನ್ನೇ ಹೊಡೆಸಿ.

ತಬಲಾ ಬೆರಳು, ಜಗ್ಗಲಗಿ ಬಾರಿಸುವ ಕೈ ಅಲುಗಾಡದಂತೆ ಹಿಡಿಯಬಹುದೇ?

ಕಡಿಮೆ ಪವರ್‌ನ ಇನ್ನೊಂದು ಲಾಭ ಇದು. ಫ್ಲ್ಯಾಶ್ ಪವರ್ ಇಳಿಸಿದಷ್ಟೂ ಮಿಂಚಿನ ಅವಧಿ ಚಿಕ್ಕದಾಗುತ್ತದೆ. 1/64ರಲ್ಲಿ ಅದು ಸುಮಾರು 1/10000 ಸೆಕೆಂಡ್ ಅಥವಾ ಅದಕ್ಕೂ ಕಡಿಮೆ, ಪೂರ್ತಿ ಪವರ್‌ನಲ್ಲಿ 1/1000ಕ್ಕಿಂತ ನಿಧಾನ. ಬೆರಳನ್ನು ನಿಲ್ಲಿಸುವುದು ಶಟರ್ ಅಲ್ಲ, ಈ ಮಿಂಚು. ಆದರೆ ವೇದಿಕೆಯ ಬೆಳಕೂ ಸಾಕಷ್ಟಿದ್ದರೆ ನಿಂತ ಬೆರಳಿನ ಪಕ್ಕ ಅದರ ಮಸುಕು ನೆರಳೊಂದು ಮೂಡುತ್ತದೆ. ಅದು ಬೇಡವಾದರೆ 1/160 ಇಟ್ಟು ವೇದಿಕೆಯ ಬೆಳಕನ್ನು ಎರಡು ಸ್ಟಾಪ್ ಕಪ್ಪಾಗಿಸಿ.

ಡೊಳ್ಳು, ಜಗ್ಗಲಗಿ, ಕರಡಿ ಮಜಲುಗಳಿಗೆ ಆ ಮಸುಕೇ ಚೆಂದ ಅನ್ನಿಸುತ್ತದೆ. ಕೋಲು ಚರ್ಮಕ್ಕೆ ಬಡಿದು ಮೇಲೇಳುವ ದಾರಿ ಕಾಣಬೇಕು. 1/15ರಿಂದ 1/30 ಶಟರ್, ರಿಯರ್ ಕರ್ಟನ್ ಸಿಂಕ್. ಆಗ ಮಿಂಚು ಕೊನೆಗೆ ಹೊಡೆಯುವುದರಿಂದ ಮಸುಕು ಕೋಲಿನ ಹಿಂದೆ ಉಳಿಯುತ್ತದೆ. ಮಾಮೂಲು ಸಿಂಕ್‌ನಲ್ಲಿ ಅದು ಕೋಲಿನ ಮುಂದೆ ಬಂದು, ಕೋಲು ಹಿಂದಕ್ಕೆ ಹೋಗುತ್ತಿರುವಂತೆ ಕಾಣುತ್ತದೆ.

ಡಗ್ಗಾ, ಕನ್ನಡಕ ಎಲ್ಲಾ ಹೊಳೀತಾವಲ್ರಿ?

ಡಗ್ಗಾ ಎಂದರೆ ತಬಲಾ ಜೋಡಿಯ ಎಡಗೈ ವಾದ್ಯ. ಅದರ ಲೋಹದ ಮೈ ದುಂಡಗಿರುವುದರಿಂದ ಎಲ್ಲಿಂದ ಹೊಡೆದರೂ ಒಂದು ಬಿಳಿ ಚುಕ್ಕೆ ಬಂದೇ ಬರುತ್ತದೆ. ಅದನ್ನು ಅಂಚಿಗೆ ತಳ್ಳಬಹುದು, ಪೂರ್ತಿ ಅಳಿಸಲಾಗದು. ಪೇಟಿಯ ಮುಂದಿನ ಹಲಗೆ ಚಪ್ಪಟೆ, ಪಾಲಿಶ್ ಬೇರೆ. ಫ್ಲ್ಯಾಶ್ ಎತ್ತರಿಸಿದರೆ ಹೊಳಪು ಕೆಳಕ್ಕೆ ಜಾರುತ್ತದೆ. ಕನ್ನಡಕಕ್ಕೂ ಅದೇ ಮದ್ದು: ಫ್ಲ್ಯಾಶ್ ಎತ್ತರಕ್ಕೆ, ಬದಿಗೆ. ಗಾಯಕರು ತಲೆ ಎತ್ತಿ ತಾರ ಷಡ್ಜಕ್ಕೆ ಹೋದಾಗ ಮಾತ್ರ ಗಾಜು ಮತ್ತೆ ಮಿಂಚುತ್ತದೆ, ಆಗ ಕಾಯಿರಿ.

ಹೊಳಪಿಗಿಂತ ಹೆಚ್ಚು ಫೋಟೊ ಕೆಡಿಸುವುದು ಮೈಕಿನ ನೆರಳು. ಮುಂದಿನ ಫ್ಲ್ಯಾಶ್ ತಗ್ಗಿನಲ್ಲಿದ್ದರೆ ಮೈಕಿನ ನೆರಳು ಗದ್ದ, ತುಟಿಯ ಮೇಲೆ ಕೂರುತ್ತದೆ. ಮೈಕ್ ಸ್ಟ್ಯಾಂಡ್ ಯಾವ ಬದಿಯಿಂದ ಬಂದಿದೆಯೋ ಅದರ ಎದುರು ಬದಿಗೆ ಫ್ಲ್ಯಾಶ್ ಇಟ್ಟು ಎತ್ತರಿಸಿ.

ನಾಲ್ಕು ಸಲ ಹೊಡದ್ರ ಒಂದು ಸಲ ಹೊಡಿಯಂಗಿಲ್ಲ. ಏನ್ ಮಾಡೂದು?

ಕಾರಣ ಹಲವು, ಈ ಕ್ರಮದಲ್ಲಿ ನೋಡುತ್ತ ಹೋಗಿ. ಫ್ಲ್ಯಾಶ್ ಎಲ್ಲಿದೆ? ಈ ಟ್ರಿಗರ್‌ಗಳು 2.4 ಗಿಗಾಹರ್ಟ್ಸ್ ರೇಡಿಯೊದಲ್ಲಿ ನಡೆಯುತ್ತವೆ. ವೈ-ಫೈ, ಬ್ಲೂಟೂತ್, ಕೆಲವು ಅಗ್ಗದ ಕಾರ್ಡ್‌ಲೆಸ್ ಮೈಕು ಎಲ್ಲವೂ ಅದೇ ದಾರಿಯಲ್ಲಿ. ಜೊತೆಗೆ ಮನುಷ್ಯರ ಮೈ ಈ ಅಲೆಗಳನ್ನು ಹೀರುತ್ತದೆ. ಖಾಲಿ ಸಭಾಂಗಣದಲ್ಲಿ ಸಂಜೆ ಚೆನ್ನಾಗಿ ಹೊಡೆದ ಫ್ಲ್ಯಾಶ್ ಜನ ತುಂಬಿದ ಮೇಲೆ ತಪ್ಪುವುದು ಇದಕ್ಕೇ. ಫ್ಲ್ಯಾಶನ್ನು ತಲೆಗಳಿಗಿಂತ ಎತ್ತರಿಸಿ, ಕಬ್ಬಿಣದ ಟ್ರಸ್‌ನಿಂದ ಒಂದು ಗೇಣು ದೂರ ಇರಲಿ. ಚಾನೆಲ್ ಬದಲಿಸಿ, 32 ಇವೆ. ಫ್ಲ್ಯಾಶ್ ತೀರ ಹತ್ತಿರದಲ್ಲಿದ್ದಾಗಲೂ ತಪ್ಪುತ್ತದೆ, ಅದಕ್ಕಾಗಿ ಟ್ರಿಗರ್ ಮೆನುವಿನಲ್ಲಿ ದೂರವನ್ನು 0-30 ಮೀಟರ್ ಎಂದು ಬದಲಿಸುವ ಸೌಲಭ್ಯ ಇದೆ.

ಒಂದು ಖ್ಯಾಲ್ ಮುಗಿಯುವ ಹೊತ್ತಿಗೆ ಫ್ಲ್ಯಾಶ್ ಪೂರ್ತಿ ಸತ್ತಂತಿದ್ದರೆ ಅದು ನಿದ್ದೆ ಹೋಗಿದೆ. ಸ್ಲೇವ್ ಮೋಡ್‌ನಲ್ಲಿ (ಟ್ರಿಗರ್ ಸನ್ನೆಗೆ ಕಾಯುವ ಮೋಡ್) 30 ಅಥವಾ 60 ನಿಮಿಷ ಕೆಲಸ ಇಲ್ಲದಿದ್ದರೆ ತಾನೇ ಬಂದ್ ಆಗುವ ಏರ್ಪಾಡು ಅದರಲ್ಲಿದೆ. ಫ್ಲ್ಯಾಶ್ ಸೆಟ್ಟಿಂಗ್‌ನಲ್ಲಿ ಅದನ್ನು 60ಕ್ಕೆ ಇಡಿ ಅಥವಾ ತೆಗೆದುಹಾಕಿ. ಅದೇ ಮೆನುವಿನಲ್ಲಿ ಬೀಪ್ ಸದ್ದೂ ಇದೆ, ಮೊದಲು ಅದನ್ನು ಬಂದ್ ಮಾಡಿ. ಮಂದ್ರದಲ್ಲಿ ನಿಂತ ಷಡ್ಜದ ನಡುವೆ ವಿಂಗ್‌ನೊಳಗಿಂದ ಪೀಂ ಅಂದರೆ ಮುಂದಿನ ವರ್ಷ ನಿಮ್ಮನ್ನು ಒಳಗೆ ಬಿಡುವುದಿಲ್ಲ. ಟ್ರಿಗರ್‌ನ ಕೆಂಪು ಫೋಕಸ್ ದೀಪಕ್ಕೂ ಸ್ವಿಚ್ ಇದೆ, ಅದೂ ಬಂದ್.

ಹೊಡೆಯದಿರುವುದಕ್ಕಿಂತ ಕೆಟ್ಟದ್ದು ಬೇಕಿಲ್ಲದಾಗ ಹೊಡೆಯುವುದು. ಸಭೆಯಲ್ಲಿ ಇನ್ನೊಬ್ಬರ ಬಳಿಯೂ ಅದೇ ಕಂಪನಿಯ ಟ್ರಿಗರ್ ಇದ್ದು, ಇಬ್ಬರದೂ ಚಾನೆಲ್ 1 ಆಗಿದ್ದರೆ ಅವರ ಬೆರಳಿಗೆ ನಿಮ್ಮ ಫ್ಲ್ಯಾಶ್ ಹಾರುತ್ತದೆ. ಚಾನೆಲ್ ಜೊತೆಗೆ ಐಡಿ ಸಂಖ್ಯೆಯನ್ನೂ ಹಾಕಿ, 1ರಿಂದ 99ರವರೆಗೆ ಯಾವುದಾದರೂ. ಫ್ಲ್ಯಾಶ್, ಟ್ರಿಗರ್ ಎರಡರಲ್ಲೂ ಒಂದೇ ಇರಬೇಕು. ಎಸ್1, ಎಸ್2 ಎಂಬ ಬೆಳಕು ನೋಡಿ ಹೊಡೆಯುವ ಮೋಡ್‌ಗಳ ಸಹವಾಸ ಬೇಡ, ಯಾರ ಫ್ಲ್ಯಾಶ್ ಮಿಂಚಿದರೂ ನಿಮ್ಮದೂ ಮಿಂಚುತ್ತದೆ.

ತೆರೆದ ಪೆಂಡಾಲಿನಲ್ಲಿ?

ಗದಗಿನ ತೋಂಟದಾರ್ಯ ಮಠದ ಜಾತ್ರೆ, ಓಣಿಯ ಗಣಪತಿ ಪೆಂಡಾಲುಗಳಲ್ಲಿ ಬೆಳಕು ಬಡಿದು ಮರಳಲು ಗೋಡೆ ಇಲ್ಲ, ನೇರ ಬೆಳಕೇ ಗತಿ. ಸ್ಟ್ಯಾಂಡ್ ಬದಲು ಪೆಂಡಾಲಿನ ಕಂಬಕ್ಕೆ ಕ್ಲ್ಯಾಂಪ್ ಹಾಕಿ. ಸುತ್ತ ಮಕ್ಕಳು ಓಡಾಡುತ್ತವೆ. ಗಣಪತಿ ಹಬ್ಬದ ಹೊತ್ತಿಗೆ ಮಳೆಯೂ ಇರುತ್ತದೆ. ಫ್ಲ್ಯಾಶ್‌ಗೆ ತೆಳು ಪ್ಲಾಸ್ಟಿಕ್ ಚೀಲ ಸುತ್ತಿ ಕೆಳಗೆ ತೆರೆದಿಡಿ. ಕಡಿಮೆ ಪವರ್‌ನಲ್ಲಿ ಚೀಲ ಕರಗುವುದಿಲ್ಲ, ಪೂರ್ತಿ ಪವರ್‌ನಲ್ಲಿ ತಲೆಗೆ ಅಂಟಿಕೊಳ್ಳುತ್ತದೆ.

ರಾತ್ರಿಯಿಡೀ ನಡೆಯುವ ಸಂಗೀತೋತ್ಸವಕ್ಕೆ ಎಷ್ಟು ಸೆಲ್ಲು ಬೇಕು?

ಒಂದು ಫ್ಲ್ಯಾಶ್‌ಗೆ ನಾಲ್ಕು ಎಎ ಸೆಲ್ಲು. ಎನೆಲೂಪ್‌ನಂಥ, ಇಟ್ಟಲ್ಲೇ ಇಳಿದುಹೋಗದ 2000 ಎಂಎಎಚ್‌ನ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು ತನ್ನಿ. ಪೂರ್ತಿ ಪವರ್‌ನಲ್ಲಿ ಅವು ಇನ್ನೂರು ಹೊಡೆತದ ಆಸುಪಾಸು ಬರುತ್ತವೆ. 1/64ರಲ್ಲಿ ಹೊಡೆತಕ್ಕಿಂತ, ರೇಡಿಯೊ ಎಚ್ಚರವಾಗಿ ಕೂತಿರುವುದೇ ಹೆಚ್ಚು ತಿನ್ನುತ್ತದೆ. ಫ್ಲ್ಯಾಶ್ ಒಂದಕ್ಕೆ ಎರಡು ಸೆಟ್ಟು ಇಟ್ಟುಕೊಂಡು, ಕಲಾವಿದರು ಬದಲಾಗುವ ವಿರಾಮದಲ್ಲಿ, ಮಧ್ಯರಾತ್ರಿ ಸುಮಾರಿಗೆ, ಇಳಿದಿರಲಿ ಬಿಡಲಿ ಬದಲಿಸಿ. ವಿಂಗ್‌ಗೆ ಹೋಗಲು ಆಮೇಲೆ ಅವಕಾಶ ಸಿಗುವುದು ಕಷ್ಟ. ಟ್ರಿಗರ್‌ನ ಎರಡು ಸೆಲ್ಲು ಮರೆಯಬೇಡಿ.

ನಾಲ್ಕೂ ಒಂದೇ ಸೆಟ್ಟಿನವು, ಒಟ್ಟಿಗೇ ಚಾರ್ಜ್ ಆದವು ಇರಲಿ. ಮಾರ್ಕರ್‌ನಿಂದ ಎ1, ಎ2 ಎಂದು ಬರೆದಿಟ್ಟರೆ ಕಲಸುವುದಿಲ್ಲ. ಒಂದು ಹಳೆಯ ಸೆಲ್ಲು ಸೇರಿದರೆ ಅದು ಮೊದಲು ಖಾಲಿಯಾಗಿ, ಉಳಿದ ಮೂರು ಅದನ್ನು ಉಲ್ಟಾ ದಿಕ್ಕಿಗೆ ತಳ್ಳಿ ಕೆಡಿಸುತ್ತವೆ. ಚಾರ್ಜರ್ ಕೂಡ ಪ್ರತಿ ಸೆಲ್ಲನ್ನು ಬೇರೆ ಬೇರೆ ನೋಡುವಂಥದ್ದೇ ಇರಲಿ. ರಿಮೋಟಿಗೆ ಹಾಕುವ ಅಗ್ಗದ ಸೆಲ್ಲು ತಂದರೆ ಹತ್ತಾರು ಹೊಡೆತಕ್ಕೇ ರೀಸೈಕಲ್ (ಫ್ಲ್ಯಾಶ್ ಮುಂದಿನ ಹೊಡೆತಕ್ಕೆ ಸಜ್ಜಾಗುವುದು) ನಿಧಾನವಾಗಿ, ಒಂದು ಫೋಟೊ ಬೆಳಕು, ಒಂದು ಕತ್ತಲೆ ಬರತೊಡಗುತ್ತದೆ. ಬೆಳಗಿನ ಜಾವ ಭೈರವಿ ಮುಗಿದು ಸಾಮಾನು ಕಟ್ಟುವಾಗ ಫ್ಲ್ಯಾಶ್‌ನಿಂದ ಸೆಲ್ಲು ತೆಗೆದಿಡಿ. ಒಳಗೇ ಉಳಿದ ಸೆಲ್ಲು ಸೋರಿ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದರೆ ನಿಂಬೆರಸ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿಸಿ, ಆಮೇಲೆ ಹಾಕಿ ನೋಡಿ.